ರುದ್ರಾಣಿಯಕ್ಕ ಮತ್ತು ಹದಿನಾಲ್ಕನೇ ನಂಬರಿನ ವೈರು

ರುದ್ರಾಣಿಯಕ್ಕ ವೈರನ್ನು ಹಲ್ಲಿನಿಂದ ಸುಲಿಯುತ್ತಿದ್ದರು. ನನ್ನ ಅಂಗಡಿಯಲ್ಲಿ ವೈರು ಸುಲಿಯಲು ಇಕ್ಕಳವಿದೆ, ಬ್ಲೇಡಿದೆ, ಅದಕ್ಕೆಂದೇ ತರಿಸಿದ ಸ್ಟ್ರಿಪ್ಪರ್ ಕೌಂಟರಿನ ಮೇಲೇ ನೇತಾಡುತ್ತಿರುತ್ತದೆ. ಅವರಿಗೆ ಅದೊಂದೂ ಬೇಡ. ಸುರುಳಿಯ ತುದಿಯನ್ನೆಳೆದು ದವಡೆಯ ಮೂಲೆಗೆ ಸಿಕ್ಕಿಸಿ ಕತ್ತು ಒಮ್ಮೆ ಕೊಡವಿದರೆ ಸಿಪ್ಪೆ ಕಿತ್ತು ಬರುತ್ತಿತ್ತು. ಅದನ್ನು ರಸ್ತೆಗೆ ಉಗಿದು, ಒಳಗಿನ ಎಳೆಗಳನ್ನು ಬೆರಳಲ್ಲಿ ಹೊಸೆದು, ಬೆಳಕಿಗೆ ಹಿಡಿದು, ನಿಂತಲ್ಲೇ ತೀರ್ಪು ಕೊಡುತ್ತಿದ್ದರು.

"ಥೂ, ಇದ್ಯಾವ ವೈರ್ಲಾ ಲಿಂಗ್ರಾಜ? ಮೈಯೆಲ್ಲಾ ಸಿಪ್ಪೆ, ಒಳಗೆ ಏನೂ ಇಲ್ಲ!"

ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇರುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೋಮವಾರಪೇಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟು ಕೂದಲು ಹಣ್ಣಾದವನು ನಾನು. ಪಂಪ್‌ಸೆಟ್ಟಿನ ಕೇಬಲ್ಲು, ತೋಟದ ಆಳುಗಳ ಲೈನ್‌ಮನೆಗಳ ಬಲ್ಬು, ಆನೆ ತಡೆಯುವ ಸೋಲಾರ್ ಬೇಲಿಯ ಸಾಮಾನು ಎಲ್ಲಕ್ಕೂ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಹಾಗಿರುವಾಗ ಈ ಹೆಂಗಸು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ಹಣೆಗೆ ಗೀರು ವಿಭೂತಿ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದು ಎಲ್ಲರೆದುರು ನನ್ನ ಮಾಲಿನ ಮರ್ಯಾದೆ ತೆಗೆಯುತ್ತಿದ್ದರು. ಆದರೂ ಒಂದು ವಾರ ಅವರು ಬಾರದಿದ್ದರೆ ನಾನೇ ಮೆಟ್ಟಿಲಿಗಿಳಿದು ರಸ್ತೆಯ ಆ ಕಡೆ ಈ ಕಡೆ ನೋಡುತ್ತಿದ್ದೆ. ಅವರನ್ನು ಕಂಡರೆ ನನಗೆ ಅಷ್ಟು ಇಷ್ಟ.

ಮದುವೆಯಾಗಿ ಹೋದ ಮನೆಯಿಂದ ಬೇಗನೇ ವಾಪಸ್ ಬಂದವರು ಅವರು. ಯಾಕೆಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ತಮ್ಮ ಈರಭದ್ರಣ್ಣನ ಜೊತೆ ಸೇರಿ ತೋಟ ನೋಡಿಕೊಂಡರು. ತೋಟ ನೋಡುವುದೆಂದರೆ ಅವರ ಪಾಲಿಗೆ ಜೀಪು ಓಡಿಸುವುದು. ಕಾಫಿ ಹಣ್ಣು ಕೀಳುವ ಪಿಕಿಂಗ್ ಸಮಯದಲ್ಲಿ ಹೆಂಗಸರನ್ನು ತುಂಬಿಕೊಂಡು ಬರುವುದು, ಏಲಕ್ಕಿ ಮೂಟೆ ಸಂತೆಗೆ ಸಾಗಿಸುವುದು, ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಒಯ್ಯುವುದು ಎಲ್ಲವೂ ಅವರದೇ ಕೆಲಸ. ಆಷಾಢದ ಕೆಸರಿನಲ್ಲಿ ಗಂಡಸರು ಗಾಡಿ ನಿಲ್ಲಿಸಿ ತಲೆ ಕೆರೆದುಕೊಳ್ಳುವ ಏರನ್ನು ಅವರು ರಿವರ್ಸಿನಲ್ಲಿ ಹತ್ತಿಸುತ್ತಿದ್ದರು. ಹತ್ತಿಸಿದ ಮೇಲೆ ಸುಮ್ಮನಿರುತ್ತಿದ್ದರೇ? ಹಾರನ್ ಹೊಡೆಯುತ್ತಿದ್ದರು. ಆ ಹಾರನ್ ಪೇಟೆಯವರೆಗೂ ಕೇಳಿಸುತ್ತದೆ ಎಂದು ಲೈನ್‌ಮನೆಯವರು ಹೇಳುತ್ತಿದ್ದರು.

ಒಂದು ದಿನ ಅಕ್ಕ ತಮ್ಮದೇ ತೋಟದ ಗೇಟಿನ ಕಂಬವನ್ನು ಜೀಪಿನಿಂದ ಕೆಡವಿದರು. ಕಂಬ ಪಕ್ಕದಲ್ಲೇ ಇತ್ತು, ಅವರಿಗೆ ಕಾಣಲಿಲ್ಲ. ಮೈಸೂರಿನ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಗ್ಲಾಕೋಮಾ ಎಂದರು. ಪಕ್ಕದ ನೋಟ ಆಗಲೇ ಹೋಗಿತ್ತು. ನೇರ ನೋಟ ಚೆನ್ನಾಗಿತ್ತು, ಆದರೆ ಅದೂ ಬರಬರುತ್ತಾ ಕಿರಿದಾಗಬಹುದು, ಇನ್ನು ಗಾಡಿ ಮುಟ್ಟಬೇಡಿ ಎಂದುಬಿಟ್ಟರು. ಈರಭದ್ರಣ್ಣ ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಅಕ್ಕನ ಕೈಯಿಂದ ಜೀಪಿನ ಕೀ ಕಿತ್ತುಕೊಂಡ. ಒಳ್ಳೆಯದಕ್ಕೇ ಕಿತ್ತುಕೊಂಡ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲೆ ಅಕ್ಕ ಜಗುಲಿ ಬಿಟ್ಟು ಏಳಲಿಲ್ಲ. ಬೈಯುವುದನ್ನೂ ನಿಲ್ಲಿಸಿದ್ದರು ಎಂದು ಕೇಳಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅವರನ್ನು ಎಬ್ಬಿಸಿದ್ದು ಕುಟ್ಟದ ಹಂಸಾಕ. ಹಂಸಾಕ ಕರಿಮೆಣಸಿನ ವ್ಯಾಪಾರಿ, ಮಲಯಾಳಿ ಸಾಹೇಬರು, ಜಿಲ್ಲೆಯ ಆ ತುದಿಯಿಂದ ಈ ತುದಿಗೆ ಮೆಣಸು ಹುಡುಕಿಕೊಂಡು ಬರುವವರು. ವಯಸ್ಸು ಐವತ್ತು ದಾಟಿದ್ದರೂ ರಿಮೋಟ್ ಕಾರಿನ ಹುಚ್ಚು. ಅಂದು ಅಕ್ಕನ ಮನೆಯಲ್ಲಿ ಮೆಣಸು ತೂಗುವಷ್ಟು ಹೊತ್ತು ಸುಮ್ಮನೆ ಕೂರಲಾಗದೆ, ತಮ್ಮ ಗಾಡಿಯ ಡಿಕ್ಕಿಯಿಂದ ಮೊಳದುದ್ದದ ಕಾರೊಂದನ್ನು ತೆಗೆದು ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಬಿಟ್ಟರು. ಅದು ಕಿರ್ರೆಂದು ಕಿರುಚಿಕೊಂಡು ಕಣದ ಆ ಮೂಲೆಯಿಂದ ಈ ಮೂಲೆಗೆ ಹಾರಿತು. ಜಗುಲಿಯಲ್ಲಿದ್ದ ಅಕ್ಕ ಎದ್ದು ಬಂದು, ಹೇಳದೆ ಕೇಳದೆ ಹಂಸಾಕನ ಕೈಯಿಂದ ರಿಮೋಟ್ ಕಸಿದುಕೊಂಡರು.

"ಪಡಚ್ಚೋನೇ! ಅಕ್ಕಾ, ಮೆಲ್ಲೆ, ಮೆಲ್ಲೆ!" ಎಂದು ಹಂಸಾಕ ತಮ್ಮ ಮಲಯಾಳದಲ್ಲಿ ದೇವರನ್ನು ಕರೆದು ಬೊಬ್ಬೆ ಹಾಕಿದರೂ ಕೇಳಲಿಲ್ಲ. ಕಾರನ್ನು ಎಂಟರ ಆಕಾರದಲ್ಲಿ ಸುತ್ತಿಸಿ, ರಿವರ್ಸಿನಲ್ಲಿ ತಂದು, ಸರಿಯಾಗಿ ಹಂಸಾಕನ ಚಪ್ಪಲಿಯ ಮುಂದೆ ನಿಲ್ಲಿಸಿದರು. ಹಂಸಾಕ ತಲೆಯ ಮೇಲೆ ಕೈಯಿಟ್ಟುಕೊಂಡು, "ಎಂಡೆ ಅಕ್ಕಾ, ನೀವು ಎಂತ ಡ್ರೈವರ್!" ಎಂದರು. ಆ ಕಾರು ಮತ್ತೆ ಕುಟ್ಟಕ್ಕೆ ವಾಪಸ್ ಹೋಗಲಿಲ್ಲ.

ಅಲ್ಲಿಂದಲೇ ಕಣದ ರೇಸು ಶುರುವಾದದ್ದು. ಕಾಫಿ ಒಣಗಿ, ಮೆಣಸೂ ಒಣಗಿ, ಎಲ್ಲ ಗೋಡೌನು ಸೇರಿದ ಮೇಲೆ ಕಣ ಖಾಲಿ ಬಿದ್ದಿರುತ್ತದೆ. ಆಗ ಒಂದು ಭಾನುವಾರ ಕಾಫಿ ಹೊಟ್ಟಿನ ಮೂಟೆಗಳನ್ನು ಸಾಲಾಗಿಟ್ಟು ತಿರುವು ಮಾಡುವುದು, ಹಲಸಿನ ಹಲಗೆಯನ್ನು ಓರೆಯಿಟ್ಟು ಹಾರುವ ಜಾಗ ಮಾಡುವುದು, ಕಾರು ಇದ್ದವರೆಲ್ಲ ತರುವುದು. ಮಧ್ಯಾಹ್ನ ಅಕ್ಕನ ಮನೆಯಲ್ಲೇ ಎಲ್ಲರಿಗೂ ಊಟ. ಮೆಕ್ಯಾನಿಕ್ಕುಗಳು, ಬಸ್ ಕಂಡಕ್ಟರು, ದೊಡ್ಡ ತೋಟದ ಧಣಿಗಳು ಎಲ್ಲರೂ ಒಂದೇ ಸಾಲಿನಲ್ಲಿ ರಿಮೋಟ್ ಹಿಡಿದು ನಿಲ್ಲುತ್ತಿದ್ದರು. ಅಕ್ಕನಿಗೆ ಮತ್ತೆ ಬೈಗುಳ ಬಂತು, ಹಸಿವು ಬಂತು.

ಮೊದಲ ರೇಸಿಗೆ ಮುಂಚೆ ಗೋಡೌನಿನ ಇಲಿಗಳು ಅಕ್ಕನ ಕಾರಿನ ವೈರುಗಳನ್ನು ಕಡಿದುಹಾಕಿದವು. ಅವರು ನನ್ನ ಅಂಗಡಿಗೆ ವೈರಿಗಾಗಿ ಕಾಲಿಟ್ಟದ್ದು ಆಗಲೇ. ನಾನು ಮನೆ ವೈರಿಂಗಿನ ಒಳ್ಳೆಯ ತಾಮ್ರದ ವೈರು ತೋರಿಸಿದೆ. ಕಚ್ಚಿ ಸುಲಿದು, ಬಗ್ಗಿಸಿ ನೋಡಿ, ತಳ್ಳಿಬಿಟ್ಟರು.

"ಇದು ಗೋಡೆ ಒಳಗೆ ಮಲಗೋ ವೈರು ಕಣ್ಲಾ. ನನ್ ಕಾರು ಕುಣಿಯುತ್ತೆ."

ಆಮೇಲೆ ಅವರ ಕಣ್ಣು ಮೂಲೆಯಲ್ಲಿದ್ದ ಬೇಲಿ ಕೇಬಲ್ಲಿನ ಮೇಲೆ ಬಿತ್ತು. ಸೋಲಾರ್ ಮಿಷನ್ನಿನಿಂದ ತೋಟದ ಬೇಲಿಗೆ ಕರೆಂಟು ಒಯ್ಯುವ ಕಪ್ಪು ಕೇಬಲ್ಲು ಅದು, ಕಿರುಬೆರಳಿನಷ್ಟು ದಪ್ಪ. ನಮ್ಮ ಕಡೆ ಆ ಕೇಬಲ್ಲಿನ ಮೇಲೆ ಜನಕ್ಕೆ ದೇವರಷ್ಟೇ ನಂಬಿಕೆ. ಬಾಳೆ, ಹಲಸು, ಭತ್ತದ ಗದ್ದೆ ಎಲ್ಲವೂ ಅದರ ಭರವಸೆಯಲ್ಲೇ ಉಳಿದಿರುವುದು. ಅಕ್ಕ ಅದನ್ನು ಕಚ್ಚಿಯೂ ನೋಡದೆ ಹೆಗಲಿಗೆ ಹಾಕಿಕೊಂಡೇಬಿಟ್ಟರು.

"ಆನೇನೇ ನಿಲ್ಸುತ್ತೆ ಇದು. ಈ ಪುಟಾಣಿ ಕಾರು ಓಡ್ಸಕ್ಕಾಗಲ್ವಾ?"

ನನಗೂ ಹೌದಲ್ಲ ಎನ್ನಿಸಿತು. ಕೊಡಗಿನಲ್ಲಿ ಯಾರಿಗೆ ಹೇಳಿದ್ದರೂ ಹೌದಲ್ಲ ಎಂದೇ ಅನ್ನಿಸುತ್ತಿತ್ತು.

ಮೆಕ್ಯಾನಿಕ್ಕೊಬ್ಬ ಆ ಕೇಬಲ್ಲನ್ನು ಕಾರಿಗೆ ಹಾಕಿಕೊಟ್ಟ. ರೇಸಿನ ದಿನ ಅಕ್ಕನ ಕಾರು ಮೊದಲ ಸುತ್ತಿನಲ್ಲಿ ಹೇಗೋ ಓಡಿತು. ಎರಡನೆಯ ಸುತ್ತಿನಲ್ಲಿ ನೇರ ದಾರಿ ಸಿಕ್ಕಿತೆಂದು ಅಕ್ಕ ಪೂರ್ತಿ ಸ್ಪೀಡು ಕೊಟ್ಟರು. ತಿರುವು ಬಂತು, ಅಕ್ಕ ಸ್ಟೇರಿಂಗ್ ತಿರುಗಿಸಿದರು, ಕಾರು ತಿರುಗಲಿಲ್ಲ. ನೆಟ್ಟಗೆ ಹೋಗಿ ಹೊಟ್ಟಿನ ಮೂಟೆಗೆ ಗುದ್ದಿ ಮಗುಚಿತು. ಎತ್ತಿ ಸರಿಯಾಗಿ ನಿಲ್ಲಿಸಿದರು. ಮತ್ತೆ ಹಾಗೇ ಆಯಿತು. ಮೂರನೆಯ ಸಲವೂ ಅದೇ ಮೂಟೆ.

ಕಣದ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಮೆಲ್ಲಗೆ, "ಪಾಪ, ಕಣ್ಣು" ಎಂದರು. ಅದು ಅಕ್ಕನಿಗೆ ಕೇಳಿಸಿತು.

"ಕಣ್ಣಲ್ಲ! ನಾನು ತಿರುಗ್ಸಿದೀನಿ, ಅದು ತಿರುಗ್ತಿಲ್ಲ. ವೈರು ಮುಟ್ಟಿ ನೋಡ್ರಿ, ಕೈ ಸುಡ್ತೈತೆ!"

ಯಾರೂ ಮುಟ್ಟಲಿಲ್ಲ. ಈರಭದ್ರಣ್ಣ ಹತ್ತಿರ ಬಂದು, "ಅಕ್ಕ, ಸಾಕು. ಊಟಕ್ಕೆ ಹೊತ್ತಾಯ್ತು, ರಿಮೋಟ್ ಇಡು" ಎಂದ. ಅವನ ದನಿಯಲ್ಲಿದ್ದ ಕರುಣೆ ಇದೆಯಲ್ಲ, ಅದು ಅಕ್ಕನಿಗೆ ಮೂಟೆಗೆ ಗುದ್ದಿದ್ದಕ್ಕಿಂತ ಜೋರಾಗಿ ಗುದ್ದಿತು. ಅವರ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ರೇಸಿನ ಬಹುಮಾನ ಸಿಕ್ಕಿದರೆಷ್ಟು ಬಿಟ್ಟರೆಷ್ಟು? ತನ್ನ ಕೈಯಲ್ಲಿ ಇನ್ನೂ ಸ್ಟೇರಿಂಗ್ ಇದೆಯೋ ಇಲ್ಲವೋ ಎನ್ನುವುದು ಅವರಿಗೆ ಗೊತ್ತಾಗಬೇಕಿತ್ತು. ಊರೆಲ್ಲ ಇಲ್ಲ ಎಂದು ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಮರುದಿನ ನಾನು ಷಟರ್ ಎತ್ತುವ ಮೊದಲೇ ಅಕ್ಕ ಅಂಗಡಿಯ ಮುಂದೆ ನಿಂತಿದ್ದರು. ಬೇಲಿ ಕೇಬಲ್ಲನ್ನು ಕೌಂಟರಿಗೆ ಕುಕ್ಕಿ, "ಕುಯ್ಯಿ ಇದನ್ನ" ಎಂದರು. ಕುಯ್ದು ನೋಡಿದರೆ ಅಷ್ಟು ದಪ್ಪ ಮೈಯೊಳಗೆ ಇದ್ದದ್ದು ಒಂದು ಸಣ್ಣ ತಂತಿ, ಅದೂ ತಾಮ್ರವಲ್ಲ, ಉಕ್ಕು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ನಾನು ಯೋಚಿಸಿ ಹೇಳಿದೆ, ಬೇಲಿಯದು ಜೋರಾದ ಹೊಡೆತ, ಆದರೆ ಅದರಲ್ಲಿ ಹರಿಯುವ ಕರೆಂಟು ತೀರಾ ಕಮ್ಮಿ. ಅದಕ್ಕೆ ಸಣ್ಣ ತಂತಿಯೂ ಸಾಕು, ಹೊಡೆತ ಸೋರದ ಹಾಗೆ ಸಿಪ್ಪೆ ಮಾತ್ರ ದಪ್ಪ ಬೇಕು. ಕಾರಿನ ಬ್ಯಾಟರಿಯದು ಹೊಡೆತ ಕಮ್ಮಿ, ಹರಿಯುವುದು ಮಾತ್ರ ಹೊಳೆಯ ಹಾಗೆ.

ಅಕ್ಕ ಕೌಂಟರಿಗೆ ಗುದ್ದಿ ಎದ್ದು ನಿಂತರು. "ಸ್ಪ್ರಿಂಕ್ಲರ್ ಪೈಪು ಕಣೋ! ಕೆರೆ ತುಂಬ ನೀರಿದ್ರೂ ಸಣ್ಣ ಪೈಪು ಹಾಕಿದ್ರೆ ಜೆಟ್ಟು ತಿರುಗ್ತದಾ? ಸ್ಪೀಡು ಕೊಟ್ಟಾಗ ಮೋಟರ್ರೇ ಎಲ್ಲಾ ಕುಡಿದುಬಿಡುತ್ತೆ, ಸ್ಟೇರಿಂಗಿಗೆ ಒಂದು ತೊಟ್ಟೂ ಉಳಿಯಲ್ಲ!"

ಅಷ್ಟೇ ವಿಷಯ. ವೈರಿನಲ್ಲೇ ಬ್ಯಾಟರಿಯ ಶಕ್ತಿ ಬಿಸಿಯಾಗಿ ಸೋರಿಹೋಗಿ, ಪೂರ್ತಿ ಸ್ಪೀಡು ಕೊಟ್ಟ ಗಳಿಗೆಯಲ್ಲೇ ರಿಮೋಟಿನ ಮಾತು ಕೇಳುವ ಪುಟ್ಟ ಪೆಟ್ಟಿಗೆ ಸತ್ತಂತಾಗುತ್ತಿತ್ತು. ಅಕ್ಕ ತಿರುಗಿಸಿದ್ದು ನಿಜ, ಕಾರಿಗೆ ಕೇಳಿಸದಿದ್ದದ್ದೂ ನಿಜ. ನನಗೆ ಎಷ್ಟು ಖುಷಿಯಾಯಿತೆಂದರೆ, ಆಗಷ್ಟೇ ಬಂದ ಗಿರಾಕಿಗೆ ಹೋಲ್ಡರಿನ ಬದಲು ಸ್ವಿಚ್ ಕೊಟ್ಟು ಕಳಿಸಿದೆ.

ಆ ಮಳೆಗಾಲವೆಲ್ಲ ನಾವು ವೈರು ಹುಡುಕಿದ್ದೇ ಹುಡುಕಿದ್ದು. ಭಾನುವಾರ ಬಂತೆಂದರೆ ನಾನು ಅಕ್ಕನ ಅಡುಗೆಮನೆಯಲ್ಲಿರುತ್ತಿದ್ದೆ. ನನ್ನ ಹೆಂಡತಿ, "ಅಲ್ಲೇ ಒಂದು ಹಾಸಿಗೆ ಹಾಸಿಕೊಳ್ಳಿ" ಎಂದು ಹೇಳಿ ಹೇಳಿ ಸುಸ್ತಾದಳು. ಸ್ಪೀಕರ್ ವೈರು ತಂದೆವು. ನೋಡಲು ಕೆಂಪಗೆ ಎಷ್ಟು ಚೆಂದ! ಅಕ್ಕ ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ, ತಾಮ್ರದ್ದು ಬರೀ ಲೇಪ. "ಮೇಲೆ ಮಾತ್ರ ಮದುವೆ ಮನೆ ಸೀರೆ" ಎಂದು ಅದನ್ನು ಕಿಟಕಿಯಿಂದಾಚೆ ಎಸೆದರು. ಲಾರಿಯ ಬ್ಯಾಟರಿ ಕೇಬಲ್ಲು ತಂದೆವು. ಅದು ಕಾರಿಗಿಂತ ಭಾರವಾಗಿತ್ತು. ಕೊನೆಗೆ ಹಂಸಾಕ ಫೋನಿನಲ್ಲಿ, "ಅಕ್ಕಾ, ಸಿಲಿಕೋನ್ ವೈರ್ ಬೇಕಲ್ಲ, ಅದು ರಬ್ಬರ್ ಪೋಲೆ, ಮೆತ್ತಗೆ ಇರ್ತದೆ" ಎಂದು ಹೇಳಿ, ಎಲ್ಲಿಂದಲೋ ಮೂರು ಬಗೆಯ ತುಂಡು ತರಿಸಿ ಬಸ್ಸಿಗೆ ಹಾಕಿ ಕಳಿಸಿದರು.

ಪೊಟ್ಟಣವನ್ನು ಅಕ್ಕನೇ ಬಿಚ್ಚಿದರು. ವೈರನ್ನು ಕೈಯಿಂದ ಎತ್ತಿದರು, ಅದು ಒತ್ತುಶಾವಿಗೆಯ ಹಾಗೆ ಜೋಲಿತು. ಕಚ್ಚಿ ಸುಲಿದರು. ಒಳಗೆ ಕೂದಲಿನಂಥ ಎಳೆಗಳು, ಲೆಕ್ಕವಿಲ್ಲದಷ್ಟು. ಕೆರೆದರು, ಮೇಲಿನ ತವರದ ಬಿಳುಪಿನ ಕೆಳಗೆ ಅಪ್ಪಟ ತಾಮ್ರದ ಕೆಂಪು. ಆಮೇಲೆ ಸಿಪ್ಪೆಯ ತುಂಡನ್ನು ಸ್ಟವ್ವಿನ ಉರಿಗೆ ಹಿಡಿದರು. ಬೇರೆ ವೈರುಗಳ ಸಿಪ್ಪೆ ಇಷ್ಟು ಹೊತ್ತಿಗೆ ಕಪ್ಪಾಗಿ ತೊಟ್ಟಿಕ್ಕಿ ಅಡುಗೆಮನೆಯೆಲ್ಲ ನಾತ ಹಬ್ಬಿಸಿರುತ್ತಿತ್ತು. ಇದು ಕರಗಲೇ ಇಲ್ಲ, ಸುಟ್ಟ ಜಾಗದಲ್ಲಿ ಬರೀ ಬಿಳಿ ಬೂದಿ ಕೂತಿತು.

"ಬೂದಿ ನೋಡ್ಲಾ, ವಿಭೂತಿ ಥರ ಐತೆ. ಇದೇ ನಮ್ ವೈರು!"

ಮೂರರಲ್ಲಿ ಯಾವುದು? ಹನ್ನೆರಡು, ಹದಿನಾಲ್ಕು, ಹದಿನಾರು ಎಂದು ನಂಬರುಗಳಿದ್ದವು. ಹದಿನಾರೇ ಎಲ್ಲಕ್ಕಿಂತ ಸಣ್ಣ, ಹನ್ನೆರಡು ದಪ್ಪ. ಈ ತಿರುಗುಮುರುಗು ಲೆಕ್ಕ ಅಕ್ಕನಿಗೆ ಬಲು ಹಿಡಿಸಿತು. "ರೇಷನ್ ಅಂಗಡಿ ಕ್ಯೂ ಇದ್ದಂಗೆ. ನಂಬರ್ ಸಣ್ಣದಾದಷ್ಟೂ ಪಾಲು ದೊಡ್ಡದು" ಎಂದು ನಕ್ಕರು. ಹದಿನಾರನೇ ನಂಬರಿನದನ್ನು ಹಾಕಿ ಕಣದಲ್ಲಿ ಓಡಿಸಿ, ನಿಲ್ಲಿಸಿದ ಕೂಡಲೇ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿದರು. ಬೆಚ್ಚಗಿತ್ತು. ಹನ್ನೆರಡು ತಣ್ಣಗಿತ್ತು, ಆದರೆ ಆ ಪುಟ್ಟ ಮೋಟರಿನ ಕಿವಿಯಂಥ ತಗಡಿಗೆ ಅದನ್ನು ಬೆಸುಗೆ ಹಾಕುವುದೇ ಕಷ್ಟ. ಹಲಗೆಯಿಂದ ಕಾರು ಹಾರಿ ಬಿದ್ದಾಗ ವೈರಿನ ಭಾರಕ್ಕೆ ಬೆಸುಗೆಯೇ ಕಿತ್ತು ಬಂತು. ಹದಿನಾಲ್ಕು ಹಾಕಿದರು. ಬಾಗಿತು, ಬೆಸುಗೆ ಹಿಡಿಯಿತು, ಎಷ್ಟು ಓಡಿಸಿದರೂ ತಣ್ಣಗೇ ಇತ್ತು.

ಬೆಸುಗೆ ಹಾಕಿದ್ದು ಅಕ್ಕನೇ. ಬೆಸುಗೆ ಕಡ್ಡಿಯ ಮೊನೆ, ತವರ, ತಾಮ್ರ ಎಲ್ಲವೂ ಕಣ್ಣಿನ ನೇರಕ್ಕಿದ್ದರೆ ಅವರಿಗೆ ನನಗಿಂತ ಚೆನ್ನಾಗಿ ಕಾಣುತ್ತಿತ್ತು. ಆದರೆ ಪಕ್ಕದಲ್ಲೇ ಕೂತ ನಾನು ಮಾತಾಡದಿದ್ದರೆ, "ಇದೀಯೇನ್ಲಾ?" ಎಂದು ಕೇಳುತ್ತಿದ್ದರು. ಇದ್ದೀನಿ ಅಕ್ಕ ಎಂದು ನಾನು ತವರವನ್ನು ಅವರ ಕಣ್ಣಿನ ನೇರಕ್ಕೆ ಹಿಡಿಯುತ್ತಿದ್ದೆ. ವೈರು ಕತ್ತರಿಸುವಾಗ ಅವರು ಮಹಾ ಜಿಪುಣಿ. ಬ್ಯಾಟರಿಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಮೋಟರಿಗೆ ಎಷ್ಟು ಬೇಕೋ ಅಷ್ಟೇ, ಒಂದಿಷ್ಟೂ ಜಾಸ್ತಿ ಬಿಡುತ್ತಿರಲಿಲ್ಲ. "ದಾರಿ ಉದ್ದ ಆದಷ್ಟೂ ಸೋರಿಕೆ ಜಾಸ್ತಿ. ಚಕ್ರಕ್ಕೂ ಸಿಕ್ಕಾಕೊಳ್ಳುತ್ತೆ" ಎನ್ನುತ್ತಿದ್ದರು.

ಎರಡನೇ ವರ್ಷದ ರೇಸು! ಈಗ ನೆನೆದರೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಶಿಳ್ಳೆ ಊದಿದ ಕೂಡಲೇ ಹಂಸಾಕನ ಕೆಂಪು ಕಾರು ಮುಂದೆ ಹೋಯಿತು, ಅದರ ಬಾಲ ಹಿಡಿದು ಅಕ್ಕನ ಹಳದಿ ಕಾರು. ನೇರ ದಾರಿಯಲ್ಲಿ ಅಕ್ಕ ಪೂರ್ತಿ ಸ್ಪೀಡು ಕೊಟ್ಟರು. ಹಿಂದಿನ ವರ್ಷದ ಆ ತಿರುವು ಬಂತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದರೆ ಹಳದಿ ಕಾರು ಮೂಟೆಯನ್ನು ಸವರಿಕೊಂಡು ತಿರುಗಿ, ಹಲಗೆಯ ಮೇಲೆ ಹಾರಿ, ನಾಲ್ಕೂ ಚಕ್ರದ ಮೇಲೆ ಇಳಿದು ಓಡುತ್ತಿತ್ತು! ಜನ ಕೂಗಿದರು. ನಾನೂ ಏನೇನೋ ಕೂಗಿದೆ. ಅಕ್ಕ ಮಾತ್ರ ಮೈ ಮುಂದಕ್ಕೆ ಬಾಗಿಸಿ, ತುಟಿ ಕಚ್ಚಿ, ಕಾರು ಹೋದ ಕಡೆಗೆಲ್ಲ ಇಡೀ ತಲೆಯನ್ನೇ ತಿರುಗಿಸುತ್ತಾ ಓಡಿಸುತ್ತಿದ್ದರು. ಪಕ್ಕದ ಕಾರುಗಳು ಅವರಿಗೆ ಕಾಣುತ್ತಿರಲಿಲ್ಲ. ಮೋಟರಿನ ಸದ್ದು ಕೇಳಿಯೇ ಜಾಗ ಬಿಡುತ್ತಿದ್ದರು, ಜಾಗ ಕಸಿಯುತ್ತಿದ್ದರು.

ಕೊನೆಯ ಸುತ್ತಿನಲ್ಲಿ ಹಂಸಾಕನೇ ಒಂದು ಗೇಣಿನಿಂದ ಗೆದ್ದರು. ಗೆದ್ದವರ ಕಡೆ ಯಾರೂ ನೋಡಲಿಲ್ಲ. ಅಕ್ಕ ಕಾರನ್ನೆತ್ತಿ ಮಗುಚಿ ಹಿಡಿದು, ಜನರ ನಡುವಿನಿಂದ ನೇರ ತಮ್ಮನ ಎದುರಿಗೆ ಹೋಗಿ ನಿಂತರು.

"ಮುಟ್ಟು."

"ಏನಕ್ಕ?"

"ವೈರು ಮುಟ್ಲಾ ಈರ!"

ಈರಭದ್ರಣ್ಣ ಹೆದರುತ್ತಲೇ ಬೆರಳಿಟ್ಟ. "ತಣ್ಣಗೈತೆ" ಎಂದ.

"ಹೋದ ವರ್ಷ ಸುಡ್ತಿತ್ತು. ಆಗ ನೀನು ಮುಟ್ಲಿಲ್ಲ" ಎಂದರು ಅಕ್ಕ. ಈರಭದ್ರಣ್ಣ ತಲೆ ತಗ್ಗಿಸಿದ. ಆಮೇಲೆ ತಲೆಯೆತ್ತಿ, "ಹಂಸಾಕನ್ನ ಬಿಡಬಾರದಿತ್ತು ಕಣಕ್ಕ, ಕೊನೇ ತಿರುವಲ್ಲಿ ಒಳಗಿಂದ ನುಗ್ಗಬೇಕಿತ್ತು" ಎಂದ. ಅಕ್ಕನ ಮುಖ ಅರಳಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ. ತಮ್ಮ ಅವರನ್ನು ಮತ್ತೆ ಡ್ರೈವರನ್ನು ಬೈಯುವ ಹಾಗೆ ಬೈದಿದ್ದ.

ಅದಾದ ಮೇಲೆ ಜಿಲ್ಲೆಯಲ್ಲಿ ರಿಮೋಟ್ ಕಾರಿನವರೆಲ್ಲ ನನ್ನ ಅಂಗಡಿಗೆ ಬಂದು, "ರುದ್ರಾಣಿಯಕ್ಕನ ವೈರು ಕೊಡಿ" ಎಂದು ಕೇಳತೊಡಗಿದರು. ಎದುರಿಗೇ ಅಕ್ಕ ಇದ್ದರಂತೂ ಮುಗಿಯಿತು, ಬಂದವರ ಕಾರು ಎಷ್ಟು ದೊಡ್ಡದು, ಬ್ಯಾಟರಿ ಯಾವುದು, ಎಷ್ಟು ಹೊತ್ತು ಓಡಿಸುತ್ತೀರಿ ಎಂದು ವಕೀಲರ ಹಾಗೆ ವಿಚಾರಣೆ. ಅಂಗೈಯಷ್ಟು ಕಾರಿಗೆ ಹದಿನಾಲ್ಕು ಕೇಳಿದವನಿಗೆ, "ಇಲಿಗೆ ಆನೆ ಸರಪಳಿ ಹಾಕ್ತೀಯಾ?" ಎಂದು ಬೈದು ಸಣ್ಣ ವೈರು ಕೊಡಿಸಿದರು. ದುಬಾರೆಯ ಆನೆ ಶಿಬಿರದ ಕಡೆಯಿಂದ ಬಂದಿದ್ದ ಅವನು ಆನೆ ಸರಪಳಿಯ ತೂಕ ಬಲ್ಲವನು, ನಗುತ್ತಾ ಒಪ್ಪಿಕೊಂಡು ಹೋದ.

ಮೂರನೇ ವರ್ಷದ ರೇಸೇ ಕೊನೆಯದು. ಆ ಮಳೆಗಾಲ ಮುಗಿಯುವುದರೊಳಗೆ ಅಕ್ಕ ನಿದ್ದೆಯಲ್ಲೇ ತೀರಿಕೊಂಡರು, ಡಾಕ್ಟರು ಹೃದಯ ಎಂದರು. ಹಾಗಾಗಿ ಅವರನ್ನು ನಾನು ಕಣದಲ್ಲಿ ಕಂಡದ್ದು ಅಂದೇ ಕೊನೆ.

ಅಂದು ಅಕ್ಕನ ಕಾರು ಮೊದಲ ತಿರುವಿಗೇ ಮೂಟೆಗೆ ಗುದ್ದಿತು. ಹಂಸಾಕ ಓಡಿಹೋಗಿ ನೇರ ಮಾಡಿಟ್ಟರು. ಎರಡನೆಯ ಸಲ ಕಣ ಬಿಟ್ಟು ಕಾಫಿ ಗಿಡದೊಳಗೇ ನುಗ್ಗಿತು. ಈ ಸಲ ಯಾರೂ ಕಣ್ಣು ಎನ್ನಲಿಲ್ಲ. ಎಲ್ಲರೂ ಒಟ್ಟಿಗೇ ಶುರುಮಾಡಿದರು. ವೈರು ಲೂಸಾಗಿದೆ ಎಂದ ಒಬ್ಬ. ಬೆಸುಗೆ ಬಿಟ್ಟಿರಬೇಕು ಎಂದೆ ನಾನು. "ಅಕ್ಕಾ, ಇಲಿ ಕಡಿದಿದೆ, ಇಲಿ!" ಎಂದು ಹಂಸಾಕ ಪ್ರಮಾಣ ಮಾಡಿದರು. ಈರಭದ್ರಣ್ಣನಂತೂ, "ವೈರೇ ಕಣಕ್ಕ, ನಂಗೆ ಇಲ್ಲಿಂದಲೇ ಗೊತ್ತಾಗ್ತೈತೆ" ಎಂದು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ.

ಅಕ್ಕ ಕಾರನ್ನು ತರಿಸಿಕೊಂಡು, ಮಡಿಲಲ್ಲಿಟ್ಟುಕೊಂಡು, ಬೆರಳಿನ ಹಿಂಬದಿಯಿಂದ ವೈರನ್ನು ಮುಟ್ಟಿದರು. ಒಂದೊಂದೇ ಬೆಸುಗೆಯನ್ನು ಎಳೆದು ನೋಡಿದರು. ಬಿಸಿಯಾಗಿರಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ತಣ್ಣಗೈತೆ" ಎಂದರು. "ವೈರು ನಾನೇ ಹಾಕಿದ್ದು, ಅದರ ಮೇಲೆ ಸುಳ್ಳು ಹೇಳ್ಬೇಡ್ರಿ. ಕಣ್ಣೇ."

ಆಮೇಲೆ ರಿಮೋಟನ್ನು ತಮ್ಮನ ಕೈಗಿಟ್ಟರು. ಅವನು ಬೇಡವೆಂದು ಹಿಂದೆ ಸರಿದ. "ನೀನೇ ಓಡ್ಸಕ್ಕ, ಎಡ ಬಲ ನಾನು ಹೇಳ್ತೀನಿ" ಎಂದ.

"ಹಿಡ್ಕೊಳ್ಲಾ. ಯಾರೂ ಕಿತ್ಕೋತಿಲ್ಲ, ನಾನೇ ಕೊಡ್ತಿದ್ದೀನಿ."

ಈರಭದ್ರಣ್ಣ ಜನ್ಮದಲ್ಲಿ ಆ ರಿಮೋಟ್ ಮುಟ್ಟಿದವನಲ್ಲ. ಶಿಳ್ಳೆ ಊದಿದರು. ಕಾರು ಚಿಮ್ಮಿದ ರಭಸಕ್ಕೆ ಅವನೇ ಬೆಚ್ಚಿಬಿದ್ದ. ಅಕ್ಕ ಕಿವಿ ಕೊಟ್ಟು ಸದ್ದು ಕೇಳುತ್ತಾ, "ಬಿಡು, ಸ್ಪೀಡು ಬಿಡು, ಈಗ ತಿರುಗ್ಸು, ಅಯ್ಯೋ ಈಗ್ಲಾ!" ಎಂದು ಎದೆ ಬಿರಿಯುವಂತೆ ಕೂಗಿದರು. ಕಾರು ನೆಟ್ಟಗೆ ಹೋಗಿ ಅಕ್ಕ ಗುದ್ದಿದ ಮೂಟೆಗೇ ಗುದ್ದಿ, ಮೂಟೆ ಒಡೆದು, ಹೊಟ್ಟೆಲ್ಲ ಹಾರಿತು.

"ಮುಟ್ಲಾ ವೈರು!" ಎಂದು ಅಕ್ಕ ಕೂಗಿದರು.

ತಲೆಯ ಮೇಲೆಲ್ಲ ಹೊಟ್ಟು ಮೆತ್ತಿಕೊಂಡು ಕಾರನ್ನೆತ್ತಿಕೊಂಡು ಬಂದ ಈರಭದ್ರಣ್ಣ ಅಕ್ಕನ ಪಕ್ಕದಲ್ಲಿ ನಿಂತು ವೈರು ಮುಟ್ಟಿದ.

"ತಣ್ಣಗೈತೆ ಕಣಕ್ಕ."

"ತಣ್ಣಗೈತಾ? ಹಂಗಾದ್ರೆ ನಡಿ, ನಾಳೆ ಮೈಸೂರಿಗೆ. ನಿಂಗೂ ಕಣ್ಣು ತೋರಿಸ್ಬುಡಾಣ!"

ಇಡೀ ಕಣ ಬಿದ್ದು ಬಿದ್ದು ನಕ್ಕಿತು. ಹಂಸಾಕ ನೆಲಕ್ಕೇ ಕೂತುಬಿಟ್ಟರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅಕ್ಕ. ನಗುತ್ತಲೇ ತಮ್ಮನನ್ನು ಹುಡುಕಿ ಕೈ ಚಾಚಿದರು. ಅವನು ಪಕ್ಕದಲ್ಲೇ ನಿಂತಿದ್ದು ಅವರಿಗೆ ಕಾಣಲಿಲ್ಲ. ಈರಭದ್ರಣ್ಣ ಕಾರನ್ನು ಕೆಳಗಿಟ್ಟು ಆ ಕೈ ಹಿಡಿದುಕೊಂಡ.